ಸಲಹೆ ಅಂಕಣ ಓದುಗರಿಗೆ ಯಾಕೆ ಹತ್ತಿರವಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿಯ ಒಂದು ಚಿಕ್ಕ ಕನ್ನಡ ಮಾಸಿಕದಲ್ಲಿ 11 ವರ್ಷಗಳಿಂದ ಓದುಗರ ಪತ್ರಗಳಿಗೆ ಉತ್ತರ ಬರೆಯುತ್ತಿದ್ದೇನೆ. ಅಂಕಣದಲ್ಲಿ ನನ್ನ ಹೆಸರಿಲ್ಲ, ‘ಅಕ್ಕ’ ಅಂತಷ್ಟೇ ಇದೆ. ಆದರೂ ಬರೆಯುವವಳು ನಾನೇ ಅಂತ ಪರಿಚಯದವರಿಗೆಲ್ಲ ಗೊತ್ತು. ಮಾಟುಂಗದ ಸಭೆಗಳಲ್ಲಿ, ಡೊಂಬಿವಲಿಯಲ್ಲಿ ಅರಿಶಿನ ಕುಂಕುಮಕ್ಕೆ ಹೋದಾಗ, ಕೆಲವು ಸಲ ಲೋಕಲ್ ಗಾಡಿಯಲ್ಲಿ ಕಂಬಿ ಹಿಡಿದು ನಿಂತಾಗಲೂ ಈ ಅಂಕಣದ ಬಗ್ಗೆ ಕೇಳುತ್ತಾರೆ. ಪತ್ರಿಕೋದ್ಯಮ ಓದುವ ಮಕ್ಕಳು ಕೇಳುವುದು ಒಂದು ಥರ, ಓದುಗರು ಕೇಳುವುದು ಇನ್ನೊಂದು ಥರ. ಎರಡನ್ನೂ ಇಲ್ಲಿ ಸೇರಿಸಿದ್ದೇನೆ. ಉದಾಹರಣೆಯಾಗಿ ಕೊಟ್ಟ ಪತ್ರಗಳಲ್ಲಿ ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ.

ಸಲಹೆ ಅಂಕಣವೂ ಪ್ರಶ್ನೋತ್ತರವೂ ಒಂದೇನಾ?

ಅಲ್ಲ. ಪ್ರಶ್ನೋತ್ತರದಲ್ಲಿ ಏನು ಬೇಕಾದರೂ ಕೇಳಬಹುದು, ಉತ್ತರ ಚುರುಕಾಗಿದ್ದರೆ ಸಾಕು. ಬೀಚಿಯವರಿಗೆ ಜನ ಪ್ರಶ್ನೆ ಕಳಿಸುತ್ತಿದ್ದದ್ದು ಅವರ ನಗೆಯ ಉತ್ತರಕ್ಕಾಗಿ. ಇದೇ ಮುಂಬಯಿಯಲ್ಲಿ 1935ರಲ್ಲಿ ಶುರುವಾದ ‘ಫಿಲ್ಮ್ ಇಂಡಿಯಾ’ದಲ್ಲಿ ಸಂಪಾದಕ ಬಾಬೂರಾವ್ ಪಟೇಲ್ ಓದುಗರಿಗೆ ಕೊಡುತ್ತಿದ್ದ ಖಾರದ ಉತ್ತರಗಳೂ ಹಾಗೆಯೇ ಹೆಸರಾಗಿದ್ದವು. ಸಲಹೆ ಅಂಕಣಕ್ಕೆ ಬರೆಯುವವರು ಕಷ್ಟದಲ್ಲಿರುತ್ತಾರೆ. ಅವರಿಗೆ ನಮ್ಮ ಚುರುಕುತನ ಬೇಕಾಗಿಲ್ಲ.

ಈ ಪದ್ಧತಿ ಶುರುವಾದದ್ದು ಎಲ್ಲಿ?

ಸಾಮಾನ್ಯವಾಗಿ ಹೇಳುವುದು ಲಂಡನ್ನಿನ ‘ಅಥೀನಿಯನ್ ಮರ್ಕ್ಯುರಿ’ಯ ಹೆಸರನ್ನು. 1691ರಲ್ಲಿ ಜಾನ್ ಡಂಟನ್ ಎಂಬ ಪುಸ್ತಕ ವ್ಯಾಪಾರಿ ಅದನ್ನು ಶುರು ಮಾಡಿದ. ಹೆಸರು ಹೇಳದೆ ಪ್ರಶ್ನೆ ಕಳಿಸಬಹುದಿತ್ತು. ವಿಜ್ಞಾನ, ಧರ್ಮದ ಪ್ರಶ್ನೆಗಳ ಜೊತೆಗೆ ಪ್ರೀತಿ, ಮದುವೆಯ ಪ್ರಶ್ನೆಗಳೂ ಬಂದವು. ಹೆಂಗಸರೂ ಬರೆದರು. 1693ರಲ್ಲಿ ಹೆಂಗಸರಿಗೆಂದೇ ‘ಲೇಡೀಸ್ ಮರ್ಕ್ಯುರಿ’ ಹೊರಟಿತು. ಓದುಗರು ಯಾರು ಅಂತ ನೋಡಿ ಅವರಿಗೇ ಬೇರೆ ಪತ್ರಿಕೆ ಮಾಡುವ ಬುದ್ಧಿ ಅಷ್ಟು ಹಳೆಯದು.

ನನಗೆ ಅದಕ್ಕಿಂತ ಹತ್ತಿರದ್ದು ಅನ್ನಿಸುವುದು ನ್ಯೂಯಾರ್ಕಿನ ಒಂದು ಅಂಕಣ. ಪೂರ್ವ ಯುರೋಪಿನಿಂದ ಹೊಟ್ಟೆಪಾಡಿಗಾಗಿ ಬಂದ ಯಹೂದಿಗಳಿಗೆ ಅಲ್ಲಿ ಯಿಡ್ಡಿಷ್ ಭಾಷೆಯ ಒಂದು ದಿನಪತ್ರಿಕೆ ಇತ್ತು, ‘ಫಾರ್ವರ್ಡ್’ ಅಂತ. 1906ರಲ್ಲಿ ಅದರ ಸಂಪಾದಕ ಏಬ್ರಹಾಂ ಕಹಾನ್ ‘ಬಿಂಟೆಲ್ ಬ್ರೀಫ್’ ಎಂಬ ಅಂಕಣ ಶುರು ಮಾಡಿದರು. ಪತ್ರಗಳ ಕಟ್ಟು ಅಂತ ಅದರ ಅರ್ಥ. ಊರಲ್ಲಿ ಬಿಟ್ಟು ಬಂದವರು, ಇಲ್ಲಿಯ ಬಾಡಿಗೆ ಕೋಣೆ, ಹೊಲಿಗೆ ಕಾರ್ಖಾನೆ, ಅಪ್ಪ ಅಮ್ಮನ ಮಾತು ಕೇಳದ ಮಕ್ಕಳು: ಪತ್ರಗಳಲ್ಲಿ ಇದ್ದದ್ದು ಇವೇ. ಅದನ್ನು ಮೊದಲ ಸಲ ಓದಿದಾಗ ನಮ್ಮ ಕಚೇರಿಯ ಟಪಾಲು ಓದಿದ ಹಾಗೇ ಆಯಿತು. ಊರಿನ ಹೆಸರು ಬದಲಿಸಿದರೆ ಕುಂದಾಪುರದಿಂದ ಅಂಧೇರಿಗೆ ಬಂದವರ ಪತ್ರ ಅದು.

ಪತ್ರಗಳು ನಿಜವಾ, ಅಥವಾ ನೀವೇ ಬರೆದುಕೊಳ್ಳುತ್ತೀರಾ?

ನಮ್ಮಲ್ಲಿ ನಿಜ. ಕೆಲವು ಪತ್ರಿಕೆಗಳಲ್ಲಿ ಮೊದಲ ಒಂದೆರಡು ಸಂಚಿಕೆಗೆ ಸಂಪಾದಕ ಬಳಗದವರೇ ಪ್ರಶ್ನೆ ಬರೆದು ಅಂಕಣಕ್ಕೆ ಚಾಲನೆ ಕೊಡುವುದುಂಟು. ಅದು ಸರಿಯಲ್ಲ. ಓದುಗರಿಗೆ ಗೊತ್ತಾಗಿಬಿಡುತ್ತದೆ. ಬರೆದುಕೊಂಡ ಪತ್ರದಲ್ಲಿ ಕಷ್ಟ ನೇರವಾಗಿ ಬರುತ್ತದೆ: ಗಂಡ ಕುಡಿಯುತ್ತಾನೆ, ಅತ್ತೆ ಬೈಯುತ್ತಾಳೆ, ಏನು ಮಾಡಲಿ? ನಿಜವಾದ ಪತ್ರ ಹಾಗಿರುವುದಿಲ್ಲ. ಅದು ಮೊದಲು ಆರೋಗ್ಯ ವಿಚಾರಿಸುತ್ತದೆ. ಮಗನ ಮಾರ್ಕ್ಸ್ ಹೇಳುತ್ತದೆ. ನೀರು ಬರುವ ಹೊತ್ತು ಹೇಳುತ್ತದೆ. ಮೂರನೇ ಪುಟದಲ್ಲಿ, ಮಾತಿನ ನಡುವೆ, ಒಂದೇ ಒಂದು ಸಾಲಿನಲ್ಲಿ ವಿಷಯ ಬರುತ್ತದೆ. ಆಮೇಲೆ ಮತ್ತೆ ಮಳೆಯ ಮಾತು.

ತಮ್ಮ ಸಮಸ್ಯೆ ಅಲ್ಲದಿದ್ದರೂ ಜನ ಇದನ್ನು ಯಾಕೆ ಓದುತ್ತಾರೆ?

ಬೇರೆಯವರ ಮನೆ ವಿಷಯ ಕೇಳುವ ಚಪಲ ಅಂತ ಹೇಳುವವರಿದ್ದಾರೆ. ಅದೂ ಇರಬಹುದು, ಮನುಷ್ಯರಲ್ವಾ? ಆದರೆ ಚಪಲಕ್ಕೆ ಓದಿದವರು ಪುಟ ಮಡಚಿ ಎತ್ತಿಡುವುದಿಲ್ಲ. ನಮ್ಮ ಓದುಗರು ಎತ್ತಿಡುತ್ತಾರೆ. ಒಬ್ಬರು ತಮ್ಮ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಮೂರು ವರ್ಷದ ಹಿಂದಿನ ಒಂದು ಪುಟ ಇಟ್ಟುಕೊಂಡಿದ್ದನ್ನು ನಾನೇ ನೋಡಿದ್ದೇನೆ. ಆ ಪತ್ರ ಬರೆದವರು ಅವರಲ್ಲ.

ಈ ಅಂಕಣದಲ್ಲಿ ಜನ ಹುಡುಕುವುದು ಉತ್ತರವನ್ನಲ್ಲ, ಪ್ರಶ್ನೆಯನ್ನು. ಹನ್ನೊಂದು ವರ್ಷದಲ್ಲಿ ನನಗೆ ಗಟ್ಟಿಯಾಗಿ ಗೊತ್ತಾದದ್ದು ಇದೊಂದೇ. ತನ್ನ ಮನೆಯಲ್ಲಿ ನಡೆಯುವುದು ಇನ್ನೊಂದು ಮನೆಯಲ್ಲೂ ನಡೆಯುತ್ತದೆ ಅಂತ ಅಚ್ಚಿನಲ್ಲಿ ಕಂಡಾಗ ಎದೆ ಹಗುರಾಗುತ್ತದೆ. ನಾನು ಕೊಡುವ ಸಲಹೆ ಅದರ ನಂತರದ ಮಾತು. ಉತ್ತರ ಸುಮಾರಾಗಿದ್ದು ಪತ್ರ ಚೆನ್ನಾಗಿದ್ದ ತಿಂಗಳು ನಮಗೆ ಟಪಾಲು ಜಾಸ್ತಿ ಬರುತ್ತದೆ. ಉತ್ತರ ಎಷ್ಟೇ ಚೆನ್ನಾಗಿರಲಿ, ಪತ್ರದಲ್ಲಿ ಜೀವ ಇಲ್ಲದಿದ್ದರೆ ಯಾರೂ ಬರೆಯುವುದಿಲ್ಲ.

ಒಂದು ನಗರಕ್ಕೆ ಬಂದು ನೆಲೆಸಿದವರಿಗೆ ಇದು ಇನ್ನೂ ಹೆಚ್ಚು ಬೇಕು. ಊರಲ್ಲಿದ್ದರೆ ಬಾವಿಕಟ್ಟೆ ಇತ್ತು, ಚಿಕ್ಕಮ್ಮ ಇದ್ದರು, ನೆರೆಮನೆಯ ಅಜ್ಜಿ ಇದ್ದರು. ಇಲ್ಲಿ ಬಾಗಿಲು ಹಾಕಿದರೆ ನಾಲ್ಕು ಗೋಡೆ. ಪಕ್ಕದ ಮನೆಯವರು ಒಳ್ಳೆಯವರೇ. ಆದರೆ ಅವರಿಗೆ ಮರಾಠಿಯಲ್ಲೋ ಹಿಂದಿಯಲ್ಲೋ ಹೇಳಬೇಕು. ಸಂಕಟವನ್ನು ಕಲಿತ ಭಾಷೆಯಲ್ಲಿ ಹೇಳುವುದು ಸುಲಭ ಅಲ್ಲ.

ಒಂದೊಂದು ಪತ್ರಿಕೆಯ ಅಂಕಣ ಒಂದೊಂದು ಥರ ಇರುತ್ತದೆ, ಯಾಕೆ?

ಓದುಗರು ಬೇರೆ ಬೇರೆ, ಅದಕ್ಕೆ. ಕಾಲೇಜು ಹುಡುಗಿಯರ ಪತ್ರಿಕೆ ತೆಗೆದು ನೋಡಿ. ಉತ್ತರ ಕೊಡುವವರ ನಗುಮುಖದ ಫೋಟೋ ಇರುತ್ತದೆ. ಪತ್ರ ನಾಲ್ಕೇ ಸಾಲು. ‘ನೀನು’ ಅಂತ ಮಾತಾಡಿಸುತ್ತಾರೆ. ಪ್ರೀತಿ, ಮೊಡವೆ, ಗೆಳತಿಯ ಜೊತೆ ಜಗಳ, ಕೋರ್ಸ್ ಆಯ್ಕೆ. ಗೃಹಿಣಿಯರ ಪತ್ರಿಕೆಯಲ್ಲಿ ವೈದ್ಯರಿಗೆ ಒಂದು ಪುಟ, ವಕೀಲರಿಗೆ ಒಂದು, ಸೌಂದರ್ಯಕ್ಕೆ ಒಂದು. ಅಲ್ಲಿ ಹೆಸರಿನ ಪಕ್ಕ ಡಿಗ್ರಿ ಬೇಕು, ಯಾಕೆಂದರೆ ಓದುವವರು ಅದನ್ನು ಗಂಡನಿಗೆ ತೋರಿಸಿ ‘ನೋಡಿ, ಡಾಕ್ಟರೇ ಹೇಳಿದ್ದಾರೆ’ ಅನ್ನಬೇಕು. ಮನೆಯಲ್ಲಿ ತನ್ನ ಮಾತು ನಡೆಯದವರಿಗೆ ಅಚ್ಚಾದ ಪುಟ ಒಂದು ಬಲ. ಇದನ್ನು ಚೆನ್ನಾಗಿ ಅರಿತ ಪತ್ರಿಕೆಗಳು ಬಹಳ ಕಾಲ ಬಾಳಿವೆ.

‘ಸುಧಾ’ 1965ರದು, ‘ತರಂಗ’ 1983ರದು. ಅಂಥ ವಾರಪತ್ರಿಕೆಗಳನ್ನು ಮನೆಮಂದಿಯೆಲ್ಲ ಓದುತ್ತಾರೆ, ಅಜ್ಜನೂ ಮೊಮ್ಮಗಳೂ. ಹಾಗಾಗಿ ಮಾತಿಗೆ ಒಂದು ಹದ ಬೇಕು. ಮನಸ್ಸಿನ ಕಾಯಿಲೆಯ ವಿಷಯದಲ್ಲಿ ಈ ಹದವನ್ನು ಕನ್ನಡದಲ್ಲಿ ತೋರಿಸಿಕೊಟ್ಟವರು ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್. ದೆವ್ವ ಮೆಟ್ಟಿದೆ ಅಂತ ಹೆದರುವ ಮನೆಯವರಿಗೂ ಅರ್ಥವಾಗುವ ಹಾಗೆ, ಯಾರನ್ನೂ ಹೀಯಾಳಿಸದೆ ಬರೆದರು.

ಮುಂಬಯಿಯ ನಮ್ಮ ಕನ್ನಡ ಮಾಸಿಕಗಳ ರೀತಿ ಮತ್ತೆ ಬೇರೆ. ಸಂಘದವರು ನಡೆಸುವ ಪತ್ರಿಕೆಗಳೇ ಹೆಚ್ಚು. ಓದುಗರಲ್ಲಿ ಅರ್ಧ ಜನ ಒಬ್ಬರಿಗೊಬ್ಬರು ಪರಿಚಯ. ಹಾಗಾಗಿ ಗುರುತು ಮರೆಸುವ ಕೆಲಸ ನಮಗೆ ದೊಡ್ಡ ಪತ್ರಿಕೆಗಳಿಗಿಂತ ಹೆಚ್ಚು.

‘ಗುರಿ ಓದುಗರು’ ಅಂತ ತರಗತಿಯಲ್ಲಿ ಹೇಳುತ್ತಾರೆ. ನಿಮ್ಮ ಗುರಿ ಓದುಗರು ಯಾರು, ಹೇಗೆ ತಿಳಿದುಕೊಂಡಿರಿ?

ಒಂದು ತಪ್ಪಿನಿಂದ ತಿಳಿದುಕೊಂಡೆ. ಶುರುವಿನ ವರ್ಷ ಒಬ್ಬರು ಕಲ್ವಾದಿಂದ ಬರೆದಿದ್ದರು. ಗಂಡ ಮಾತಾಡುವುದಿಲ್ಲ, ಕೆಲಸ ಬಿಟ್ಟು ಬಂದ ಹಾಗಿದೆ, ಕೇಳಿದರೆ ರೇಗುತ್ತಾರೆ. ನಾನು ಪುಸ್ತಕದಲ್ಲಿ ಓದಿದ್ದನ್ನು ಬರೆದೆ: ‘ಒಂದು ಸಂಜೆ ಇಬ್ಬರೇ ಕೂತು ಮನಸ್ಸು ಬಿಚ್ಚಿ ಮಾತಾಡಿ.’ ಮುಂದಿನ ತಿಂಗಳು ಒಂದು ಕಾರ್ಡ್ ಬಂತು. ‘ಅಕ್ಕಾ, ಎಲ್ಲಿ ಕೂತು ಮಾತಾಡಲಿ?’ ಅಷ್ಟೇ ಇತ್ತು. ಒಂದೇ ಖೋಲಿ. ಅತ್ತೆ ಮಾವ, ಇಬ್ಬರು ಮಕ್ಕಳು, ಮೈದುನ.

ಆ ಕಾರ್ಡನ್ನು ಈಗಲೂ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ. ಉತ್ತರ ಬರೆಯುವ ಮೊದಲು ಆ ಮನೆಯ ಅಳತೆ ಗೊತ್ತಿರಬೇಕು. ಎಷ್ಟು ಜನ ಮಲಗುತ್ತಾರೆ, ಎಷ್ಟು ಗಂಟೆಗೆ ಗಾಡಿ ಹಿಡಿಯುತ್ತಾರೆ, ಸಂಬಳ ಯಾರ ಕೈ ಸೇರುತ್ತದೆ, ಊರಲ್ಲಿ ಮನೆ ಇದೆಯಾ, ಇದ್ದರೆ ಯಾರ ಹೆಸರಲ್ಲಿ. ವಯಸ್ಸು, ಆದಾಯ, ಓದು ಎಂಬ ಪಟ್ಟಿ ಇಟ್ಟುಕೊಂಡು ಓದುಗರನ್ನು ತಿಳಿಯುವುದು ಜಾಹೀರಾತಿನವರ ಲೆಕ್ಕ. ಆ ಪಟ್ಟಿಯಿಂದ ಅವರ ಮನೆಯೊಳಗೆ ಕೂರುವುದಕ್ಕೆ ಜಾಗ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಕಲ್ವಾದವರಿಗೆ ಎರಡನೇ ಸಲ ಬರೆದ ಉತ್ತರದಲ್ಲಿ ಹೇಳಿದ್ದು ಇಷ್ಟು: ಭಾನುವಾರ ಬೆಳಗ್ಗೆ ಮೀನು ತರಲು ಇಬ್ಬರೇ ಹೋಗಿ, ಬರುವಾಗ ನಡೆದು ಬನ್ನಿ. ‘ಯಾಕೆ ಕೆಲಸ ಬಿಟ್ಟಿರಿ’ ಅಂತ ಕೇಳಬೇಡಿ, ‘ಮನೆ ಖರ್ಚಿಗೆ ನಾನೇನಾದರೂ ಮಾಡಲಾ’ ಅಂತ ಕೇಳಿ. ಆ ಉತ್ತರವನ್ನು ಇವತ್ತಿಗೂ ಜನ ನೆನಪಿಸುತ್ತಾರೆ, ಮೀನಿನ ಮಾತಿದೆ ಅಂತಲೇ.

‘ಅಕ್ಕ’ ಅಂತಲೇ ಯಾಕೆ?

ನನಗಿಂತ ಮೊದಲು ಬರೆಯುತ್ತಿದ್ದ ಹಿರಿಯರು ಇಟ್ಟ ಹೆಸರು ಅದು. ಅವರು ತೀರಿಕೊಂಡ ಮೇಲೆ ನನಗೆ ಬಂತು. ಅಮೆರಿಕದಲ್ಲೂ ಹೀಗೆ ಆಗಿದೆ. ‘ಆನ್ ಲ್ಯಾಂಡರ್ಸ್’ ಎಂಬ ಹೆಸರಲ್ಲಿ 1943ರಿಂದ ರೂತ್ ಕ್ರೌಲಿ ಬರೆಯುತ್ತಿದ್ದರು. ಅವರ ನಂತರ 1955ರಲ್ಲಿ ಎಸ್ತರ್ ಲೆಡರರ್ ಅದೇ ಹೆಸರಲ್ಲಿ ಮುಂದುವರಿಸಿದರು. ಬರೆಯುವ ಕೈ ಬದಲಾದರೂ ಓದುಗರಿಗೆ ಹೇಳಿಕೊಳ್ಳುವ ಜಾಗ ಉಳಿಯಿತು.

ಅಮ್ಮ ಅಂದರೆ ಕೆಲವು ವಿಷಯ ಹೇಳಲಾಗುವುದಿಲ್ಲ. ಗೆಳತಿ ಅಂದರೆ ಮಾತಿಗೆ ತೂಕ ಇಲ್ಲ. ಮೇಡಂ ಅಂದರೆ ಅರ್ಜಿ ಬರೆದ ಹಾಗಾಗುತ್ತದೆ. ಅಕ್ಕ ಎರಡೂ ಕಡೆ ಇರುವವಳು. ಬೈಯಬಹುದು, ಗುಟ್ಟೂ ಇಟ್ಟುಕೊಳ್ಳಬಹುದು. ವಿಜಯಪುರ, ಕಲಬುರಗಿ ಕಡೆಯವರು ‘ಅಕ್ಕಾರ’ ಅಂತ ಶುರು ಮಾಡುತ್ತಾರೆ. ಎಪ್ಪತ್ತು ದಾಟಿದವರೂ ಅಕ್ಕ ಅಂತಲೇ ಬರೆಯುತ್ತಾರೆ. ನಾನು ಎಲ್ಲರಿಗೂ ‘ನೀವು’ ಅನ್ನುತ್ತೇನೆ, ಶಾಲೆ ಮಕ್ಕಳನ್ನು ಬಿಟ್ಟು. ‘ತಂಗಿ, ನೀನು’ ಅಂತ ಬರೆದರೆ ಹೆಚ್ಚು ಆಪ್ತ ಅಂತ ಒಬ್ಬರು ಹೇಳಿದ್ದರು. ಆದರೆ ನಮಗೆ ಬರೆಯುವ ಬಹಳ ಹೆಂಗಸರಿಗೆ ಮನೆಯಲ್ಲಿ ಯಾರೂ ‘ನೀವು’ ಅಂದಿರುವುದಿಲ್ಲ. ಇಲ್ಲಾದರೂ ಇರಲಿ.

ಬಂದ ಪತ್ರವನ್ನು ತಿದ್ದುತ್ತೀರಾ?

ತಿದ್ದುತ್ತೇವೆ. ಉದ್ದ ಕಡಿಮೆ ಮಾಡಲೇಬೇಕು, ನಮಗಿರುವುದು ಒಂದೂವರೆ ಪುಟ. ಎಲ್ಲಕ್ಕಿಂತ ಕಷ್ಟದ ಕೆಲಸ ಇದೇ. ಯಾವುದನ್ನು ತೆಗೆಯಬೇಕು ಅನ್ನುವುದಕ್ಕಿಂತ ಯಾವುದನ್ನು ತೆಗೆಯಬಾರದು ಅನ್ನುವುದು ಮುಖ್ಯ.

ಮುಲುಂಡ್‌ನಿಂದ ಒಂದು ಪತ್ರ ಬಂದಿತ್ತು, ನಾಲ್ಕು ಪುಟ, ಹಾಳೆಯ ಎರಡೂ ಬದಿ. ಮದುವೆಯಾಗಿ 14 ವರ್ಷ. ಮೊದಲ ಪುಟದಲ್ಲಿ ಮಗಳ ಶಾಲೆ, ಎರಡನೆಯದರಲ್ಲಿ ಗಂಡನ ಪಾಳಿ ಕೆಲಸ, ತನ್ನ ತಲೆಶೂಲೆ. ಅತ್ತೆ ಒಳ್ಳೆಯವರು, ಏನೂ ಕಡಿಮೆ ಮಾಡಿಲ್ಲ ಅಂತ ಎರಡು ಸಲ ಬರೆದಿದ್ದರು. ಮೂರನೇ ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ: ‘ಅಡುಗೆಮನೆ ಕಪಾಟಿನ ಬೀಗದ ಕೈ ಇನ್ನೂ ಅತ್ತೆ ಹತ್ತಿರವೇ ಇದೆ. ನೆಂಟರು ಬಂದರೆ ಸಕ್ಕರೆ ಡಬ್ಬಕ್ಕೆ ನಾನು ಅವರನ್ನು ಕರೆಯಬೇಕು.’ ಆಮೇಲೆ ತಲೆಶೂಲೆಗೆ ಒಳ್ಳೆಯ ಡಾಕ್ಟರ್ ಹೇಳಿ ಅಂತ ಕೇಳಿ ಪತ್ರ ಮುಗಿಸಿದ್ದರು.

ಬೇರೆ ಯಾರಾದರೂ ಇದನ್ನು ‘ಅತ್ತೆ ಸೊಸೆ ಸಮಸ್ಯೆ’ ಅಂತ ಎರಡು ಸಾಲಿಗೆ ಇಳಿಸುತ್ತಿದ್ದರೋ ಏನೋ. ನಾನು ಗಂಡನ ಪಾಳಿ ತೆಗೆದೆ, ಶಾಲೆ ತೆಗೆದೆ. ‘ಅತ್ತೆ ಒಳ್ಳೆಯವರು’ ಎಂಬುದನ್ನು ಇಟ್ಟೆ. ಸಕ್ಕರೆ ಡಬ್ಬ ಇಟ್ಟೆ. ಸಂಚಿಕೆ ಬಂದ ಮೇಲೆ ಬೇರೆ ಬೇರೆ ಮನೆಗಳಿಂದ ಪತ್ರ ಬಂದವು. ಒಬ್ಬರ ಮನೆಯಲ್ಲಿ ಅದು ತುಪ್ಪದ ಜಾಡಿ. ಇನ್ನೊಬ್ಬರ ಮನೆಯಲ್ಲಿ ಟಿವಿ ರಿಮೋಟು. ಒಬ್ಬ ಅತ್ತೆಯೂ ಬರೆದರು, ಕೋಪದಲ್ಲೇ: ‘ನನಗೆ ನನ್ನ ಅತ್ತೆ ಬೀಗದ ಕೈ ಕೊಡಲೇ ಇಲ್ಲ. ಅವರು ಹೋದ ಮೇಲೆ ದಿಂಬಿನ ಕೆಳಗಿಂದ ತೆಗೆದುಕೊಂಡೆ. ಈಗ ನಾನೂ ಬಿಟ್ಟುಕೊಟ್ಟರೆ ನನಗೆ ಅಂತ ಇದ್ದದ್ದು ಯಾವಾಗ?’ ಅದನ್ನೂ ಪೂರ್ತಿ ಹಾಕಿದೆವು. ನಮ್ಮ ಓದುಗರಲ್ಲಿ ಸೊಸೆಯರೂ ಇದ್ದಾರೆ, ಅತ್ತೆಯರೂ ಇದ್ದಾರೆ. ಒಬ್ಬರ ಕಡೆ ಮಾತ್ರ ನಿಂತರೆ ಇನ್ನೊಬ್ಬರು ಪುಟ ತಿರುಗಿಸಿ ಹೋಗುತ್ತಾರೆ.

ಭಾಷೆಯನ್ನು ಮಾತ್ರ ಆದಷ್ಟು ಮುಟ್ಟುವುದಿಲ್ಲ. ‘ಖೋಲಿ’ಯನ್ನು ಕೋಣೆ ಮಾಡುವುದಿಲ್ಲ. ‘ಭಿಶಿ’ಯನ್ನು ಚೀಟಿ ಮಾಡುವುದಿಲ್ಲ.

ಹೆಸರಿನ ಬದಲು ಊರು ಹಾಕುವುದೇಕೆ?

‘ನೊಂದವಳು’, ‘ಅಭಾಗಿನಿ’ ಅಂತ ಸಹಿ ಹಾಕುತ್ತಿದ್ದ ಕಾಲ ಇತ್ತು. ಅದರಿಂದ ಓದುವವರಿಗೆ ಮರುಕ ಬರುತ್ತದೆ, ನಂಟು ಬರುವುದಿಲ್ಲ. ‘ಭಾಂಡುಪ್‌ನಿಂದ ಒಬ್ಬರು’ ಅಂದರೆ ಭಾಂಡುಪ್‌ನಲ್ಲಿರುವ ಎಲ್ಲರಿಗೂ ಕಿವಿ ನೆಟ್ಟಗಾಗುತ್ತದೆ. ಗುರುತು ಸಿಗುವ ಭಯ ಇದ್ದರೆ ರೈಲಿನ ಎರಡು ಸ್ಟೇಷನ್ ಆಚೆ ಈಚೆ ಮಾಡುತ್ತೇವೆ. ಸೆಂಟ್ರಲ್ ಲೈನಿನವರನ್ನು ಸೆಂಟ್ರಲ್‌ನಲ್ಲೇ ಇಡುತ್ತೇವೆ.

ಗಂಡಸರು ಬರೆಯುತ್ತಾರಾ?

ಬರೆಯುತ್ತಾರೆ, ಆದರೆ ‘ನನ್ನ ಸ್ನೇಹಿತನೊಬ್ಬನಿಗೆ’ ಅಂತ ಶುರು ಮಾಡುತ್ತಾರೆ. ಹೋಟೆಲಿನಲ್ಲಿ ಕೆಲಸ ಮಾಡುವ ಒಬ್ಬರು ಬಿಲ್ ಪುಸ್ತಕದ ಹಾಳೆಗಳ ಹಿಂದೆ ಬರೆದು ಕಳಿಸಿದ್ದರು. ಹದಿನಾರಕ್ಕೆ ಬಂದು ಮಾಣಿಯಾಗಿ ಸೇರಿದವರು, ಈಗ ಗಲ್ಲಾದಲ್ಲಿ ಕೂರುತ್ತಾರೆ. ತಮ್ಮನನ್ನು ಓದಿಸಿದರು, ಇಬ್ಬರು ತಂಗಿಯರ ಮದುವೆ ಮಾಡಿದರು. ‘ನನಗೆ 39. ಊರಿಗೆ ಹೋದಾಗ ಎಲ್ಲರೂ ಎಷ್ಟು ದಿನ ರಜೆ ಅಂತ ಕೇಳುತ್ತಾರೆ. ನಿನ್ನ ಮದುವೆ ಯಾವಾಗ ಅಂತ ಯಾರೂ ಕೇಳುವುದಿಲ್ಲ.’ ಇದನ್ನು ಓದಿ ನಾನು ಬಹಳ ಹೊತ್ತು ಸುಮ್ನೆ ಕೂತಿದ್ದೆ. ಮುಂಬಯಿಯ ಉಡುಪಿ ಹೋಟೆಲುಗಳ ಬಗ್ಗೆ ಎಷ್ಟೋ ಬರೆದಿದ್ದಾರೆ. ಒಳಗಿನ ಈ ಮಾತು ಇಂಥ ಪತ್ರದಲ್ಲೇ ಬರಬೇಕು.

ಲೈಂಗಿಕ ವಿಷಯದ ಪ್ರಶ್ನೆಗಳನ್ನು ಹಾಕುತ್ತೀರಾ?

ವೈದ್ಯರ ಉತ್ತರದೊಂದಿಗೆ ಹಾಕುತ್ತೇವೆ. ಇದರಲ್ಲಿ ಮುಂಬಯಿಗೆ ದೊಡ್ಡ ಇತಿಹಾಸವೇ ಇದೆ. ರಘುನಾಥ ಧೋಂಡೊ ಕರ್ವೆ 1927ರಿಂದ 1953ರವರೆಗೆ ಇಲ್ಲಿಂದ ‘ಸಮಾಜ ಸ್ವಾಸ್ಥ್ಯ’ ಎಂಬ ಮರಾಠಿ ಮಾಸಿಕ ನಡೆಸಿದರು. ಓದುಗರು ಕೇಳಿದ ಲೈಂಗಿಕ ಪ್ರಶ್ನೆಗಳಿಗೆ ಮುಚ್ಚುಮರೆ ಇಲ್ಲದೆ ಉತ್ತರ ಕೊಟ್ಟರು. ಆ ಉತ್ತರಗಳೇ ಅಶ್ಲೀಲ ಅಂತ ಅವರ ಮೇಲೆ ಕೇಸಾಯಿತು. 1934ರಲ್ಲಿ ಅವರ ಪರವಾಗಿ ವಾದಿಸಿದ ವಕೀಲರು ಡಾ. ಬಿ.ಆರ್. ಅಂಬೇಡ್ಕರ್. ಕೇಸು ಸೋತಿತು, ಕರ್ವೆಯವರಿಗೆ ದಂಡ ಬಿತ್ತು. ಆದರೂ ಪತ್ರಿಕೆ ನಿಲ್ಲಿಸಲಿಲ್ಲ. ಓದುಗರ ಒಂದು ಪ್ರಶ್ನೆಗೆ ಉತ್ತರ ಕೊಡುವ ಹಕ್ಕಿಗಾಗಿ ಕೋರ್ಟಿನಲ್ಲಿ ನಿಂತವರು ಇದ್ದರು ಅಂತ ನೆನೆದಾಗ ನನ್ನ ಒಂದೂವರೆ ಪುಟದ ಮೇಲೆ ಗೌರವ ಹೆಚ್ಚಾಗುತ್ತದೆ.

ಆಮೇಲೆ ಡಾ. ಮಹಿಂದರ್ ವತ್ಸ. 1960ರ ದಶಕದಿಂದಲೇ ಪತ್ರಿಕೆಗಳಿಗೆ ಬರೆಯುತ್ತಿದ್ದ ವೈದ್ಯರು. 2005ರಲ್ಲಿ, 81ನೇ ವಯಸ್ಸಿನಲ್ಲಿ, ‘ಮುಂಬಯಿ ಮಿರರ್’ನಲ್ಲಿ ಅವರ ದಿನದ ಅಂಕಣ ಶುರುವಾಯಿತು. 2020ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಎರಡು ಮೂರು ಸಾಲಿನ ಉತ್ತರ, ಸ್ವಲ್ಪ ತಮಾಷೆ, ಆದರೆ ಕೇಳಿದವರಿಗೆ ನಾಚಿಕೆಯಾಗದ ಹಾಗೆ. ಗಾಡಿಯಲ್ಲಿ ಪಕ್ಕದವರ ಪೇಪರಿನಲ್ಲಿ ಬಗ್ಗಿ ಓದಿ ಮುಗಿಸಬಹುದಾದ ಅಳತೆ. ಓದುಗರು ಎಲ್ಲಿ ಕೂತು ಓದುತ್ತಾರೆ ಅನ್ನುವುದು ಉತ್ತರದ ಉದ್ದವನ್ನೂ ತೀರ್ಮಾನಿಸುತ್ತದೆ.

ಓದುಗರಿಗೆ ಇಷ್ಟವಾಗುವ ಉತ್ತರವನ್ನೇ ಕೊಡುತ್ತೀರಾ?

ಹಳೆಯ ಸಂಚಿಕೆಗಳನ್ನು ತೆಗೆದರೆ ‘ಹೊಂದಿಕೊಂಡು ಹೋಗು ತಂಗಿ, ಎಲ್ಲ ಸರಿಹೋಗುತ್ತದೆ’ ಎಂಬ ಸಾಲು ಎಷ್ಟೋ ಕಡೆ ಸಿಗುತ್ತದೆ. ಬರೆದವರು ಕೆಟ್ಟವರಲ್ಲ. ಆಗಿನ ಓದುಗರು ಅದನ್ನೇ ನಿರೀಕ್ಷಿಸುತ್ತಿದ್ದರು. ಬೇರೆ ಹೇಳಿದ್ದರೆ ಮನೆಯವರು ಪತ್ರಿಕೆಯನ್ನೇ ನಿಲ್ಲಿಸುತ್ತಿದ್ದರು.

ಹೊಡೆತದ ವಿಷಯ ಬಂದಾಗ ನಾನು ಆ ಸಾಲು ಬರೆಯುವುದಿಲ್ಲ. ಮನೆಯೊಳಗಿನ ದೌರ್ಜನ್ಯದ ವಿರುದ್ಧ 2005ರ ಕಾಯ್ದೆ ಇದೆ. ಗಂಡನ ಮನೆಯಲ್ಲಿ ಇರುವ ಹಕ್ಕೂ ಅದರಲ್ಲಿದೆ, ಮನೆ ಯಾರ ಹೆಸರಲ್ಲೇ ಇರಲಿ. ಇದನ್ನು ಬರೆದ ತಿಂಗಳು ಕೆಲವು ಹಿರಿಯರು ಫೋನ್ ಮಾಡಿ, ಮನೆ ಒಡೆಯುವ ಮಾತು ಬೇಡ ಅಂದರು. ಅವರಿಗೆ ಗೌರವದಿಂದಲೇ ಹೇಳಿದೆ: ಕೈ ಎತ್ತಿದ ದಿನವೇ ಆ ಮನೆ ಒಡೆದಿದೆ. ಓದುಗರನ್ನು ಅರಿಯುವುದು ಬೇರೆ, ಓಲೈಸುವುದು ಬೇರೆ.

ಜಾಹೀರಾತುಗಳಿಗೂ ಅಂಕಣಕ್ಕೂ ಸಂಬಂಧ ಇದೆಯಾ?

ಬಹಳ ಕಡೆ ಇದೆ. ಸೌಂದರ್ಯದ ಸಲಹೆ ಎಡಪುಟದಲ್ಲಿ, ಅದೇ ಕ್ರೀಮಿನ ಜಾಹೀರಾತು ಬಲಪುಟದಲ್ಲಿ. ಮೊದಲು ನಿಮ್ಮ ಬಣ್ಣ ಸರಿಯಿಲ್ಲ ಅನ್ನಿಸುವುದು, ಪಕ್ಕದಲ್ಲೇ ಮದ್ದು ಮಾರುವುದು. ಹದಿನೆಂಟರ ಹುಡುಗಿಯ ಮನಸ್ಸಿಗೆ ಇದು ಮಾಡುವ ಗಾಯ ಸಣ್ಣದಲ್ಲ. ನಮ್ಮಲ್ಲಿ ಈ ಪುಟದ ಎದುರಿಗೆ ಕ್ರೀಮು, ಶಕ್ತಿಯ ಗುಳಿಗೆ, ಜ್ಯೋತಿಷ್ಯ ಯಾವುದೂ ಬೇಡ ಅಂತ ಸಂಪಾದಕರನ್ನು ಕೇಳಿಕೊಂಡೆ, ಒಪ್ಪಿದರು. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಅಂತ ಔಷಧಿ ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರವೇ ತಪ್ಪು. ಅಂಥವು ಇನ್ನೂ ಎಷ್ಟು ಕಡೆ ಬರುತ್ತವೆ ಅನ್ನುವುದು ನಿಮಗೇ ಗೊತ್ತು.

ನಿಮ್ಮ ಸಲಹೆ ತಪ್ಪಾದದ್ದಿದೆಯಾ?

ಕಲ್ವಾದ್ದು ಹೇಳಿದೆನಲ್ಲ. ಇನ್ನೊಂದು ಆಸ್ತಿಯ ವಿಷಯ. 2016ರಲ್ಲಿ ಒಬ್ಬರು, ಅಪ್ಪ 2001ರಲ್ಲೇ ತೀರಿಕೊಂಡರು, ಪಿತ್ರಾರ್ಜಿತದಲ್ಲಿ ಅಣ್ಣಂದಿರಷ್ಟೇ ಪಾಲು ನನಗಿದೆಯಾ ಅಂತ ಕೇಳಿದ್ದರು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೆ ಸಮಪಾಲು ಬಂದಿತ್ತು. ಆದರೆ ತಿದ್ದುಪಡಿ ಬರುವಾಗ ಅಪ್ಪ ಬದುಕಿರಬೇಕಿತ್ತು ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ವಕೀಲರನ್ನು ಕೇಳಿ ಹಾಗೇ ಬರೆದೆ. 2020ರ ಆಗಸ್ಟ್‌ನಲ್ಲಿ ಅದೇ ಕೋರ್ಟಿನ ದೊಡ್ಡ ಪೀಠ, ಅಪ್ಪ ಬದುಕಿರಬೇಕಾಗಿಲ್ಲ ಅಂತ ತೀರ್ಪು ಕೊಟ್ಟಿತು. ನನ್ನ ಮಾತು ಕೇಳಿ ಯಾರಾದರೂ ಅಷ್ಟರಲ್ಲಿ ಹಕ್ಕು ಬಿಟ್ಟು ಸಹಿ ಹಾಕಿದ್ದರೆ? ಆ ತಿಂಗಳು ಅಂಕಣ ಪೂರ್ತಿ ಆ ತೀರ್ಪಿಗೇ ಇಟ್ಟೆವು. ಈಗ ಕಾನೂನಿನ ಉತ್ತರದ ಕೆಳಗೆ ತಿಂಗಳು, ವರ್ಷ ಹಾಕುತ್ತೇವೆ. ಕರಾವಳಿಯಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುವ ಅಳಿಯಸಂತಾನದ ಮನೆಗಳ ಲೆಕ್ಕ ಬೇರೆಯೇ ಇರುತ್ತದೆ, ಅಂಥವರು ಕಾಗದಪತ್ರ ಹಿಡಿದುಕೊಂಡು ವಕೀಲರ ಹತ್ತಿರ ಹೋಗಲೇಬೇಕು.

ಜೀವಕ್ಕೆ ಅಪಾಯ ಇರುವಂಥ ಪತ್ರ ಬಂದರೆ?

ಸಂಚಿಕೆಗೆ ಕಾಯುವುದಿಲ್ಲ. ಫೋನ್ ನಂಬರ್ ಇದ್ದರೆ ಅವತ್ತೇ ಮಾಡುತ್ತೇನೆ. ಅಂಕಣದ ಕೆಳಗೆ ಪ್ರತಿ ತಿಂಗಳೂ ಟೆಲಿ ಮಾನಸ್‌ನ 14416 ಅಚ್ಚು ಮಾಡುತ್ತೇವೆ. ಅದು ಮನಸ್ಸಿನ ಆರೋಗ್ಯಕ್ಕಾಗಿ 2022ರಲ್ಲಿ ಶುರುವಾದ ಸರ್ಕಾರದ ಉಚಿತ ಫೋನ್ ಸೇವೆ, ಕನ್ನಡದಲ್ಲೂ ಮಾತಾಡಬಹುದು. ಹೆಂಗಸರಿಗೆ 181, ಮಕ್ಕಳಿಗೆ 1098. ತಿಂಗಳಿಗೊಮ್ಮೆ ಬರುವ ಪತ್ರಿಕೆ ಈ ಕೆಲಸ ಮಾಡಲಾರದು. ನಂಬರ್ ಕೈಗೆ ಮುಟ್ಟಿಸಬಹುದು, ಅಷ್ಟೇ.

ಈಗ ಎಲ್ಲ ಫೋನಿನಲ್ಲೇ ಸಿಗುತ್ತದೆ. ಅಂಕಣ ಇನ್ನೂ ಬೇಕಾ?

ನನ್ನ ಮಗಳೂ ಇದನ್ನೇ ಕೇಳುತ್ತಾಳೆ. ಫೋನಿನಲ್ಲಿ ಉತ್ತರ ತಕ್ಷಣ ಸಿಗುತ್ತದೆ, ನಿಜ. ಆದರೆ ನಮಗೆ ಬರೆಯುವ ಎಷ್ಟೋ ಮನೆಗಳಲ್ಲಿ ಫೋನು ಒಂದೇ, ಅಥವಾ ಫೋನಿನ ಲಾಕು ಗಂಡನಿಗೂ ಗೊತ್ತು. ಕಾಗದಕ್ಕೆ ಆ ಭಯ ಇಲ್ಲ. ಬೆಳಗ್ಗೆ ಲೇಡೀಸ್ ಡಬ್ಬಿಯಲ್ಲಿ ತೊಡೆಯ ಮೇಲೆ ಪರ್ಸ್ ಇಟ್ಟು ಅದರ ಮೇಲೆ ಬರೆದ ಪತ್ರಗಳು ಈಗಲೂ ಬರುತ್ತವೆ. ಗಾಡಿ ಕುಲುಕಿದಲ್ಲೆಲ್ಲ ಅಕ್ಷರ ಹಾರಿರುತ್ತದೆ. ಠಾಣೆ ಬಂತು ಅಂತ ಅರ್ಧಕ್ಕೆ ನಿಲ್ಲಿಸಿ, ಮರುದಿನ ಬೇರೆ ಶಾಯಿಯಲ್ಲಿ ಮುಂದುವರಿಸಿರುತ್ತಾರೆ.

ನಾನೂ ಬರೆಯಬಹುದಾ? ಹೇಗೆ ಬರೆಯಬೇಕು?

ಬರೆಯಿರಿ. ಅಕ್ಷರ ಚೆನ್ನಾಗಿರಬೇಕಾಗಿಲ್ಲ. ತುಳು, ಕೊಂಕಣಿ, ಮರಾಠಿ ಮಾತು ಬೆರೆತರೂ ಅಡ್ಡಿಯಿಲ್ಲ. ಮನೆಯಲ್ಲಿ ಎಷ್ಟು ಜನ, ಎಷ್ಟು ಖೋಲಿ, ನಿಮಗೆ ಬಿಡುವು ಯಾವ ಹೊತ್ತು ಅನ್ನುವುದನ್ನು ಹೇಳಿ. ಉತ್ತರ ಮನೆಗೆ ಬರುವುದು ಬೇಡ ಅಂತಿದ್ದರೆ ಪತ್ರದ ಮೇಲೇ ದೊಡ್ಡದಾಗಿ ಬರೆಯಿರಿ. ಮೂರನೇ ಪುಟದವರೆಗೂ ವಿಷಯಕ್ಕೆ ಬರಲಾಗದಿದ್ದರೆ ಚಿಂತೆ ಬೇಡ, ನಾನು ಕೊನೆಯವರೆಗೂ ಓದುತ್ತೇನೆ.